ಇಂಕ್‌ಜೆಟ್ ಟ್ರಾನ್ಸ್‌ಫರ್ ಪ್ರಿಂಟ್ ಟಿ-ಶರ್ಟ್ ಮೇಲೆ ಬಹಳ ದಿನ ಉಳಿಯಬೇಕೇ? ಇಂಕ್‌ನಿಂದ ಇಸ್ತ್ರಿವರೆಗೆ ಸಮಗ್ರ ಮಾರ್ಗದರ್ಶಿ

ನವೆಂಬರ್ 1 ಹತ್ತಿರ ಬಂತೆಂದರೆ ಬಡಾವಣೆಯ ಸಂಘಕ್ಕೆ, ಕ್ರಿಕೆಟ್ ತಂಡಕ್ಕೆ, ಆಫೀಸಿನ ಕನ್ನಡ ಬಳಗಕ್ಕೆ ಟಿ-ಶರ್ಟ್ ಬೇಕಾಗುತ್ತದೆ. ಹತ್ತು ಹನ್ನೆರಡು ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡಿಸಿದರೆ ಗಿಟ್ಟುವುದಿಲ್ಲ. ಆಗ ಮನೆಯ ಇಂಕ್‌ಜೆಟ್ ಪ್ರಿಂಟರ್, ಒಂದು ಪ್ಯಾಕೆಟ್ ಟ್ರಾನ್ಸ್‌ಫರ್ ಪೇಪರ್, ಇಸ್ತ್ರಿ ಪೆಟ್ಟಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮೊದಲ ದಿನ ಪ್ರಿಂಟ್ ಚೆಂದವಾಗೇ ಕಾಣುತ್ತದೆ. ಆದರೆ ಮೂರು ನಾಲ್ಕು ಸಲ ಒಗೆಯುವಷ್ಟರಲ್ಲಿ ಬಣ್ಣ ಮಾಸಿ, ಅಂಚು ಎದ್ದು, ಮಧ್ಯೆ ಬಿರುಕು ಬಿಟ್ಟ ಶರ್ಟುಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಆಗ ನಾವು ಬೈಯುವುದು ವಾಷಿಂಗ್ ಮಷೀನನ್ನು, ಇಲ್ಲವೇ ಸೋಪಿನ ಪುಡಿಯನ್ನು. ಅವುಗಳ ಪಾಲೂ ಇದೆ. ಆದರೆ ಪ್ರಿಂಟಿನ ಆಯಸ್ಸು ಹೆಚ್ಚಾಗಿ ನಿರ್ಧಾರವಾಗುವುದು ಶರ್ಟ್ ನೀರಿಗೆ ಬೀಳುವ ಮೊದಲೇ. ಯಾವ ಇಂಕ್, ಯಾವ ಕಾಗದ, ಎಂಥ ಬಟ್ಟೆ, ಎಷ್ಟು ಬಿಸಿ, ಎಷ್ಟು ಒತ್ತಡ ಎಂಬುದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಒಗೆಯುವ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲು ಹಾಳಾದ ಶರ್ಟನ್ನೇ ನೋಡಿ

ಟ್ರಾನ್ಸ್‌ಫರ್ ಪೇಪರ್ ಮೇಲೆ ಬಿಸಿಗೆ ಕರಗುವ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಪ್ರಿಂಟರಿನ ಇಂಕ್ ಆ ಪದರದಲ್ಲಿ ಕೂರುತ್ತದೆ. ಬಿಸಿ ಮತ್ತು ಒತ್ತಡ ಕೊಟ್ಟಾಗ ಪದರ ಕರಗಿ ಬಟ್ಟೆಯ ನೂಲಿನ ಸಂದಿಗೆ ಇಳಿಯುತ್ತದೆ. ತಣ್ಣಗಾದ ಮೇಲೆ ನೂಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಬಟ್ಟೆಗೆ ಅಂಟಿರುವುದು ಇಂಕ್ ಅಲ್ಲ, ಪದರ. ಇಂಕ್ ಆ ಪದರದ ಆಸರೆಯಲ್ಲಿದೆ ಅಷ್ಟೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಪ್ರಿಂಟ್ ಹಾಳಾಗುವುದು ಮೂರು ಬಗೆಯಲ್ಲಿ. ಅಂಚು ಏಳುತ್ತಿದ್ದರೆ ಅಥವಾ ಚೂರು ಚೂರಾಗಿ ಕಿತ್ತು ಬರುತ್ತಿದ್ದರೆ ಪದರ ನೂಲಿಗೆ ಇಳಿದೇ ಇಲ್ಲ. ಬಿಸಿ ಸಾಲದು, ಒತ್ತಡ ಸಾಲದು, ಅಥವಾ ಬಟ್ಟೆಯಲ್ಲಿ ತೇವವೋ ಫಿನಿಶಿಂಗ್ ರಾಸಾಯನಿಕವೋ ಇತ್ತು. ಪ್ರಿಂಟ್ ಅಂಟಿಕೊಂಡೇ ಇದ್ದು ಬಿರುಕು ಬಿಟ್ಟಿದ್ದರೆ ಬಟ್ಟೆ ಎಳೆದಷ್ಟು ಪದರ ಎಳೆಯಲಾಗುತ್ತಿಲ್ಲ. ಇದು ಕಾಗದದ ಆಯ್ಕೆ, ಡಿಸೈನ್ ಮತ್ತು ಒಣಗಿಸುವ ರೀತಿಗೆ ಸೇರಿದ್ದು. ಪದರ ಸರಿಯಾಗೇ ಇದ್ದು ಬಣ್ಣ ಮಾತ್ರ ಮಾಸಿದರೆ ಇಂಕ್, ಬಿಸಿಲು ಅಥವಾ ಬ್ಲೀಚ್ ಕಡೆ ನೋಡಿ.

ಹಳೆಯ ಶರ್ಟೊಂದನ್ನು ಕೈಗೆತ್ತಿಕೊಂಡು ಯಾವ ಬಗೆ ಎಂದು ಮೊದಲು ಗುರುತಿಸಿ. ಬಣ್ಣ ಮಾಸುವ ತೊಂದರೆಗೆ ಹೊಸ ಹೀಟ್ ಪ್ರೆಸ್ (ಬಿಸಿ ಪ್ಲೇಟಿನಿಂದ ಪ್ರಿಂಟನ್ನು ಬಟ್ಟೆಗೆ ಒತ್ತುವ ಮಷೀನ್) ಕೊಂಡರೆ ದುಡ್ಡು ಸುಮ್ನೆ ಹೋಗುತ್ತದೆ. ಅಂಚು ಏಳುವ ತೊಂದರೆಗೆ ಇಂಕ್ ಬದಲಿಸಿದರೂ ಅಷ್ಟೆ.

ಇಂಕ್: ಡೈ ಅಥವಾ ಪಿಗ್ಮೆಂಟ್

ಇಂಕ್‌ಜೆಟ್ ಇಂಕ್ ಎರಡು ಜಾತಿ. ಡೈ ಇಂಕ್‌ನಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಬಹಳ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ, ಕರಗಿರುವುದಿಲ್ಲ. ಶರ್ಟ್ ಮೇಲಿನ ಪದರದಲ್ಲಿ ಒಂದು ಸಣ್ಣ ಬಿರುಕು ಬಿದ್ದರೂ ಡೈ ನೀರಿನ ಜೊತೆ ಹೊರಗೆ ಬರುತ್ತದೆ. ಪಿಗ್ಮೆಂಟ್ ಅಲ್ಲೇ ಉಳಿಯುತ್ತದೆ. ಬಿಸಿಲನ್ನೂ ಪಿಗ್ಮೆಂಟ್ ಹೆಚ್ಚು ತಡೆಯುತ್ತದೆ. ಹಾಗಾಗಿ ಶರ್ಟಿಗೆ ಪಿಗ್ಮೆಂಟೇ ಮೇಲು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಟ್ಯಾಂಕ್ ಪ್ರಿಂಟರುಗಳ ಕಥೆ ಏನು? ಎಪ್ಸನ್ ಎಲ್130, ಎಲ್3110, ಎಲ್3250 ಇವುಗಳಲ್ಲಿ ನಾಲ್ಕೂ ಬಣ್ಣ ಡೈ. ಕ್ಯಾನನ್ ಜಿ ಸರಣಿಯ ಜಿ2010, ಜಿ3000 ತರಹದವುಗಳಲ್ಲಿ, ಎಚ್‌ಪಿ ಇಂಕ್ ಟ್ಯಾಂಕ್ 310 ತರಹದವುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣ ಡೈ. ಎಪ್ಸನ್ ಎಲ್15150 ರೀತಿಯ ದೊಡ್ಡ ಆಫೀಸ್ ಪ್ರಿಂಟರಿನಲ್ಲಿ ನಾಲ್ಕೂ ಪಿಗ್ಮೆಂಟ್. ಎಪ್ಸನ್‌ನವರು ತಮ್ಮ ಪಿಗ್ಮೆಂಟ್ ಇಂಕನ್ನು ಡ್ಯೂರಾಬ್ರೈಟ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಬಾಟಲಿ ಮೇಲೆ ಆ ಹೆಸರಿದ್ದರೆ ಅನುಮಾನ ಬೇಡ.

ಕ್ಯಾನನ್ ಅಥವಾ ಎಚ್‌ಪಿ ಇದ್ದವರು ಪೂರ್ತಿ ಕಪ್ಪು ಡಿಸೈನ್ ಮಾಡಿದರೆ ಪಿಗ್ಮೆಂಟಿನ ಲಾಭ ಸಿಗಬಹುದು. ಆದರೆ ಪ್ರಿಂಟ್ ಸೆಟ್ಟಿಂಗಿನಲ್ಲಿ ಪೇಪರ್ ಟೈಪ್ ಅನ್ನು ಫೋಟೋ ಪೇಪರ್ ಎಂದು ಕೊಟ್ಟರೆ ಇಂಥ ಪ್ರಿಂಟರುಗಳು ಬಣ್ಣಗಳನ್ನು ಬೆರೆಸಿಯೇ ಕಪ್ಪು ಮಾಡುವುದು ಸಾಮಾನ್ಯ. ಹಾಗಾಗಿ ಕಪ್ಪು ಡಿಸೈನಿಗೆ ಪ್ಲೇನ್ ಪೇಪರ್ ಎಂದು ಕೊಟ್ಟು ನೋಡಿ.

ಎಪ್ಸನ್ ಟ್ಯಾಂಕಿಗೆ ಬೇರೆ ಕಂಪನಿಯ ಪಿಗ್ಮೆಂಟ್ ಇಂಕ್ ತುಂಬುವವರೂ ಇದ್ದಾರೆ. ಅದರ ಹೆಡ್ (ಇಂಕ್ ಚಿಮ್ಮಿಸುವ ಭಾಗ) ಇಂಕನ್ನು ಬಿಸಿ ಮಾಡದೆ ಒತ್ತಿ ಚಿಮ್ಮಿಸುತ್ತದೆ, ಹಾಗಾಗಿ ನಡೆಯುತ್ತದೆ. ಆದರೆ ವಾರಂಟಿ ಹೋಗಬಹುದು. ಡೈ ಇರುವ ಟ್ಯಾಂಕಿಗೆ ಪಿಗ್ಮೆಂಟ್ ಬೆರೆಸಲೇಬಾರದು, ಹೆಡ್ ಕಟ್ಟಿಕೊಳ್ಳುತ್ತದೆ. ಹಾಕಿದ ಮೇಲೆ ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ತೆಗೆಯಬೇಕು. ವರ್ಷಕ್ಕೊಂದು ಸಲ ಶರ್ಟ್ ಮಾಡುವವರಿಗೆ ಈ ಉಸಾಬರಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಡೈ ಇಂಕ್‌ನಲ್ಲೇ ಮಾಡಿ, ಉಳಿದ ಹಂತಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಸಬ್ಲಿಮೇಶನ್ ಇಂಕ್ ಬೇರೆಯೇ ವಿಷಯ. ಬಿಸಿಗೆ ಅದು ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಗೇ ಸೇರುತ್ತದೆ, ಒಗೆದರೆ ಹೋಗುವುದಿಲ್ಲ. ಆದರೆ ಹತ್ತಿ ಬಟ್ಟೆಯನ್ನು ಅದು ಹಿಡಿಯುವುದಿಲ್ಲ. ಹತ್ತಿ ಶರ್ಟಿಗೆ ನೇರವಾಗಿ ಸಬ್ಲಿಮೇಶನ್ ಒತ್ತಿದರೆ ಬೇಗನೆ ಮಸುಕಾಗುತ್ತದೆ.

ಕಾಗದ: ಲೈಟ್ ಮತ್ತು ಡಾರ್ಕ್

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಬಿಳಿ ಮತ್ತು ತಿಳಿ ಬಣ್ಣದ ಶರ್ಟಿಗೆ ಲೈಟ್ ಪೇಪರ್. ಇದರ ಪದರ ಪಾರದರ್ಶಕ. ಡಿಸೈನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆದು, ಮುಖ ಕೆಳಗೆ ಮಾಡಿ ಒತ್ತಬೇಕು. ಕಪ್ಪು, ಕಡುನೀಲಿ ಶರ್ಟಿಗೆ ಡಾರ್ಕ್ ಪೇಪರ್. ಇದರಲ್ಲಿ ದಪ್ಪ ಬಿಳಿ ಪದರ ಇರುತ್ತದೆ. ತಿರುಗಿಸದೆ ಪ್ರಿಂಟ್ ತೆಗೆದು, ಹಿಂದಿನ ಕಾಗದವನ್ನು ಸುಲಿದು, ಮುಖ ಮೇಲೆ ಮಾಡಿ ಇಟ್ಟು, ಮೇಲೊಂದು ಹಾಳೆ ಮುಚ್ಚಿ ಒತ್ತಬೇಕು.

ಬಾಳಿಕೆಯ ಮಾತು ಬಂದರೆ ಲೈಟ್ ಪೇಪರೇ ಗೆಲ್ಲುತ್ತದೆ. ತೆಳು ಪದರ ನೂಲಿನೊಳಗೆ ಇಳಿಯುತ್ತದೆ, ಬಟ್ಟೆ ಎಳೆದಾಗ ಜೊತೆಗೇ ಹೋಗುತ್ತದೆ. ಡಾರ್ಕ್ ಪೇಪರಿನ ಪದರ ಬಟ್ಟೆಯ ಮೇಲೆ ಸ್ಟಿಕ್ಕರಿನಂತೆ ಕೂತಿರುತ್ತದೆ, ಬೇಗ ಬಿರುಕು ಬಿಡುತ್ತದೆ. ನಿಮಗೆ ಆಯ್ಕೆ ಇದ್ದರೆ ಬಿಳಿ ಅಥವಾ ತಿಳಿ ಹಳದಿ ಶರ್ಟ್ ತೆಗೆದುಕೊಳ್ಳಿ. ರಾಜ್ಯೋತ್ಸವಕ್ಕಂತೂ ಹಳದಿ ಶರ್ಟಿನ ಮೇಲೆ ಕೆಂಪು ಅಕ್ಷರ ಲೈಟ್ ಪೇಪರಿನಲ್ಲೇ ಆಗುತ್ತದೆ. ಒಂದು ವಿಷಯ ನೆನಪಿಡಿ: ಈ ಪ್ರಿಂಟರುಗಳಲ್ಲಿ ಬಿಳಿ ಇಂಕ್ ಇರುವುದಿಲ್ಲ. ಡಿಸೈನಿನಲ್ಲಿ ಬಿಳಿ ಇರುವಲ್ಲಿ ಶರ್ಟಿನ ಹಳದಿಯೇ ಕಾಣುತ್ತದೆ, ನೀಲಿ ಸ್ವಲ್ಪ ಹಸಿರಾಗುತ್ತದೆ.

ಪ್ಯಾಕೆಟ್ ಮೇಲೆ ಇಂಕ್‌ಜೆಟ್ ಎಂದೇ ಬರೆದಿರಬೇಕು. ಮನೆಯಲ್ಲಿ ಪ್ರಿಂಟರ್ ಇಲ್ಲದವರು ಜೆರಾಕ್ಸ್ ಅಂಗಡಿಗೆ ಹೋಗುತ್ತಾರಲ್ಲ, ಅಲ್ಲಿ ಕೇಳಿಕೊಂಡೇ ಕಾಗದ ಕೊಡಿ. ಅಲ್ಲಿನ ಕಲರ್ ಮಷೀನ್ ಬಹಳ ಸಲ ಲೇಸರ್ ಆಗಿರುತ್ತದೆ. ಇಂಕ್‌ಜೆಟ್ ಕಾಗದ ಲೇಸರ್ ಒಳಗೆ ಹೋದರೆ ಬಿಸಿ ರೋಲರಿಗೆ ಪದರ ಕರಗಿ ಸುತ್ತಿಕೊಳ್ಳುತ್ತದೆ, ಮಷೀನೇ ಕೆಡುತ್ತದೆ.

ಕಾಗದ ತೇವ ಎಳೆದುಕೊಳ್ಳುತ್ತದೆ. ಮಂಗಳೂರು, ಉಡುಪಿ, ಮಡಿಕೇರಿ ಕಡೆ ಮಳೆಗಾಲದಲ್ಲಿ ಪ್ಯಾಕೆಟ್ ತೆರೆದು ಬಿಟ್ಟರೆ ಹಾಳೆ ಸುರುಳಿಯಾಗುತ್ತದೆ, ಇಂಕ್ ಹರಡುತ್ತದೆ. ಉಳಿದ ಹಾಳೆಗಳನ್ನು ಜಿಪ್ ಕವರಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಚಪ್ಪಟೆಯಾಗಿ ಮಲಗಿಸಿಡಿ.

ಶರ್ಟ್

ನೂರಕ್ಕೆ ನೂರು ಹತ್ತಿಯ, ಹೆಣಿಗೆ ಬಿಗಿಯಾಗಿರುವ, ಮೈ ನುಣುಪಾದ ಶರ್ಟ್ ಹುಡುಕಿ. 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಗೆ 180 ಗ್ರಾಂ) ಆಸುಪಾಸಿನ ತೂಕ ಚೆನ್ನಾಗಿರುತ್ತದೆ. ತೀರಾ ತೆಳು ಶರ್ಟ್ ಜಾಸ್ತಿ ಎಳೆಯುತ್ತದೆ, ಪದರ ಬಿರುಕು ಬಿಡುತ್ತದೆ. ಕಾಲರ್ ಇರುವ ಪೋಲೋ ಶರ್ಟಿನ ಜೇನುಗೂಡಿನಂಥ ಹೆಣಿಗೆ ಇದಕ್ಕೆ ಆಗಿಬರುವುದಿಲ್ಲ. ಗುಳಿಗಳಿಗೆ ಪದರ ತಾಗುವುದೇ ಇಲ್ಲ. ಹತ್ತಿ-ಪಾಲಿಯೆಸ್ಟರ್ ಮಿಶ್ರಣವೂ ನಡೆಯುತ್ತದೆ, ಆದರೆ ಬಣ್ಣದ ಪಾಲಿಯೆಸ್ಟರ್ ಶರ್ಟಿನಲ್ಲಿ ಒಂದು ಅಪಾಯವಿದೆ. ಬಿಸಿಗೆ ಬಟ್ಟೆಯ ಬಣ್ಣವೇ ಆವಿಯಾಗಿ ಮೇಲಿನ ಬಿಳಿ ಪದರಕ್ಕೆ ಹತ್ತುತ್ತದೆ. ಕೆಂಪು ಶರ್ಟಿನ ಮೇಲಿನ ಬಿಳಿ ಅಕ್ಷರ ಗುಲಾಬಿಯಾಗುವುದು ಹೀಗೆ.

ಹೊಸ ಶರ್ಟನ್ನು ಒಮ್ಮೆ ಒಗೆದು ಒಣಗಿಸಲೇಬೇಕು. ಕಾರ್ಖಾನೆಯಲ್ಲಿ ಬಟ್ಟೆ ಮೆತ್ತಗಿರಲಿ, ಹೊಳೆಯಲಿ ಎಂದು ಮೃದುಕಾರಕ ಹಾಕಿರುತ್ತಾರೆ. ಅದು ನೂಲಿನ ಮೇಲೆ ಜಾರುವ ಲೇಪದಂತೆ ಕೂತಿರುತ್ತದೆ, ಪದರ ಹಿಡಿಯಲು ಬಿಡುವುದಿಲ್ಲ. ಒಗೆದಾಗ ಹತ್ತಿ ಸ್ವಲ್ಪ ಕುಗ್ಗುತ್ತದೆ ಕೂಡ. ಪ್ರಿಂಟ್ ಹಾಕಿದ ಮೇಲೆ ಕುಗ್ಗಿದರೆ ಪ್ರಿಂಟ್ ಸುಕ್ಕಾಗುತ್ತದೆ, ಆ ಸುಕ್ಕಿನಲ್ಲೇ ಬಿರುಕು ಶುರುವಾಗುತ್ತದೆ. ಈ ಒಗೆತಕ್ಕೆ ಕಂಫರ್ಟ್ ತರಹದ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ. ತೆಗೆಯಬೇಕು ಎಂದಿದ್ದನ್ನೇ ಮತ್ತೆ ಹಾಕಿದಂತಾಗುತ್ತದೆ. ಗಂಜಿಯೂ ಬೇಡ.

ಡಿಸೈನ್: ಒತ್ತಕ್ಷರದ ಮೇಲೆ ಕಣ್ಣಿಡಿ

ಬಾಳಿಕೆ ಡಿಸೈನ್‌ನಲ್ಲೂ ಇದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಎ4 ಪೂರ್ತಿ ತುಂಬಿದ ಫೋಟೋ ಚೌಕ ಎದೆಯ ಮೇಲೆ ಪ್ಲಾಸ್ಟಿಕ್ ಹಲಗೆಯಂತಾಗುತ್ತದೆ. ಬಗ್ಗಿದಾಗ, ಕೂತಾಗ ಮಡಿಕೆ ಬೀಳುವುದು ಅಲ್ಲೇ. ಚೌಕದ ಮೂಲೆಗಳು ಎಲ್ಲಕ್ಕಿಂತ ಮೊದಲು ಏಳುತ್ತವೆ. ಅದರ ಬದಲು ನಡುವೆ ಬಟ್ಟೆ ಕಾಣುವಂತೆ ಡಿಸೈನ್ ಬಿಡಿಸಿ ಇಡಿ. ಮೂಲೆಗಳನ್ನು ಗುಂಡಾಗಿಸಿ. ಫೋಟೋ ಬೇಕೇ ಬೇಕು ಎಂದರೆ ಅಂಡಾಕಾರದಲ್ಲಿ ಕತ್ತರಿಸಿ.

ಕನ್ನಡ ಅಕ್ಷರಕ್ಕೆ ಇಲ್ಲಿ ವಿಶೇಷ ಕಾಳಜಿ ಬೇಕು. ನಮ್ಮ ಒತ್ತಕ್ಷರಗಳು ಸಣ್ಣವು, ಮುಖ್ಯ ಅಕ್ಷರದಿಂದ ಬಿಡಿಯಾಗಿ ಕೆಳಗೆ ಕೂತಿರುತ್ತವೆ. ತಲೆಕಟ್ಟಿನ ಕೊಂಡಿ, ದೀರ್ಘದ ಬಾಲ ಸಹ ತೆಳು. ಡಾರ್ಕ್ ಪೇಪರಿನಲ್ಲಿ ಪ್ರತಿ ಅಕ್ಷರವನ್ನು ಅದರ ಗೆರೆಗುಂಟ ಕತ್ತರಿಸಿ ಒತ್ತಿದರೆ ಮೊದಲು ಉದುರುವುದು ಈ ಒತ್ತುಗಳೇ. 'ಕನ್ನಡ' ಎಂಬಲ್ಲಿ ನ-ಒತ್ತು ಹೋದರೆ ಉಳಿಯುವುದು 'ಕನಡ'. ನೋಡಲಾಗುವುದಿಲ್ಲ. ಹಾಗಾಗಿ ದಪ್ಪ ಫಾಂಟ್ ಆರಿಸಿ. ತೆಳುವಾದ ಗೆರೆಯೂ 2 ಮಿಲಿಮೀಟರಿಗಿಂತ ಕಡಿಮೆ ಆಗದಷ್ಟು ದೊಡ್ಡದು ಮಾಡಿ. ಪದ ಪೂರ್ತಿ, ಒತ್ತುಗಳೂ ಸೇರಿ, ಒಂದೇ ಆಕಾರವಾಗುವಂತೆ ಸುತ್ತಲೂ 2–3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಡಾರ್ಕ್ ಪೇಪರಿನಲ್ಲಿ ಆ ಅಂಚು ಬಿಳಿಯಾಗಿ ಕಾಣುತ್ತದೆ. ಅದಕ್ಕೇ ಒಂದು ಬಣ್ಣ ಕೊಟ್ಟುಬಿಟ್ಟರೆ ಅಕ್ಷರಕ್ಕೆ ಚೌಕಟ್ಟು ಕಟ್ಟಿದಂತೆ ಚೆಂದ ಕಾಣುತ್ತದೆ.

ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಂಪ್ಯೂಟರಿಗೆ ಒಯ್ಯುವುದಾದರೆ ಪಿಡಿಎಫ್ ಅಥವಾ ಚಿತ್ರವಾಗಿ ಉಳಿಸಿಕೊಂಡು ಒಯ್ಯಿರಿ. ಇಲ್ಲದಿದ್ದರೆ ಅಲ್ಲಿ ಅಕ್ಷರ ಚೆಲ್ಲಾಪಿಲ್ಲಿಯಾಗಿ ದುಬಾರಿ ಹಾಳೆ ವ್ಯರ್ಥವಾಗುತ್ತದೆ.

ಜಾಗದ ಬಗ್ಗೆ ಒಂದು ಮಾತು. ಕೊರಳಪಟ್ಟಿಯಿಂದ ನಾಲ್ಕು ಬೆರಳು ಕೆಳಗೆ, ಎದೆಯ ಮೇಲೆ ಪ್ರಿಂಟ್ ಬರಲಿ. ಹೊಟ್ಟೆಯವರೆಗೆ ಇಳಿದರೆ ಪ್ರತಿ ಸಲ ಕೂತಾಗಲೂ ಮಡಚುತ್ತದೆ.

ಪ್ರಿಂಟ್ ತೆಗೆಯುವುದು, ಒಣಗಿಸುವುದು

ಮೊದಲು ಸಾದಾ ಹಾಳೆಯಲ್ಲಿ ತೆಗೆದು ಅಳತೆ ಮತ್ತು ತಿರುಗಿಸಿದ್ದು ಸರಿಯೇ ನೋಡಿ. ಲೈಟ್ ಪೇಪರ್ ಆದರೆ ಅಕ್ಷರ ಉಲ್ಟಾ ಕಾಣಬೇಕು. ಆಮೇಲೆ ಟ್ರಾನ್ಸ್‌ಫರ್ ಹಾಳೆಯನ್ನು ಒಂದೊಂದಾಗಿ ಹಾಕಿ. ಗೆರೆ ಅಥವಾ ಕಂಪನಿ ಗುರುತು ಇರುವ ಕಡೆ ಸಾಮಾನ್ಯವಾಗಿ ಹಿಂಬದಿ. ಪದರ ಇರುವ ಮುಖಕ್ಕೆ ಎಣ್ಣೆ ಕೈ ತಾಗಿಸಬೇಡಿ.

ಪೇಪರ್ ಟೈಪ್ ಏನು ಕೊಡಬೇಕೆಂದು ಪ್ಯಾಕೆಟ್ ಹೇಳದಿದ್ದರೆ ಬಣ್ಣದ ಡಿಸೈನಿಗೆ ಮ್ಯಾಟ್ ಪೇಪರ್ ಎಂದು ಕೊಡಿ. ಬಣ್ಣ ಗಾಢವಾಗಲಿ ಎಂದು ಇಂಕ್ ಪ್ರಮಾಣ ಏರಿಸುವುದು ತಪ್ಪು. ಇಂಕ್‌ನಲ್ಲಿ ನೀರಿನ ಜೊತೆ ಗ್ಲೈಕಾಲ್, ಗ್ಲಿಸರಿನ್ ತರಹದ ಬೇಗ ಆರದ ದ್ರವಗಳು ಇರುತ್ತವೆ. ಅವು ಪದರದಲ್ಲಿ ಉಳಿದಿದ್ದಾಗ ಒತ್ತಿದರೆ ಪದರ ಸರಿಯಾಗಿ ಹಿಡಿಯುವುದಿಲ್ಲ, ಬಣ್ಣ ಅಂಚಿನಲ್ಲಿ ಹರಡುತ್ತದೆ. ಫ್ಯಾನ್ ಕೆಳಗೆ ಅರ್ಧ ಗಂಟೆಯಾದರೂ ಬಿಡಿ. ಮಳೆಗಾಲದಲ್ಲಿ, ಕಡು ಬಣ್ಣದ ಡಿಸೈನಿನಲ್ಲಿ ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು.

ಒತ್ತುವುದು: ಎಲ್ಲಕ್ಕಿಂತ ದೊಡ್ಡ ಹಂತ

ಬಿಸಿ, ಸಮಯ, ಒತ್ತಡ. ಈ ಮೂರರಲ್ಲಿ ಮನೆಯಲ್ಲಿ ಕಡಿಮೆಯಾಗುವುದು ಒತ್ತಡ. ಪ್ರಿಂಟ್ ಕಿತ್ತು ಬರಲು ದೊಡ್ಡ ಕಾರಣ ಅದೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಜನ ಬಿಸಿ ಏರಿಸುತ್ತಾ ಹೋಗುತ್ತಾರೆ. ಪದರ ಹಳದಿಯಾಗುತ್ತದೆ, ನೂಲಿನೊಳಗೆ ಮಾತ್ರ ಇಳಿಯುವುದಿಲ್ಲ.

ಮೊದಲು ಶರ್ಟಿನ ತೇವ ತೆಗೆಯಬೇಕು. ಒಣಗಿದೆ ಎಂದು ಕಾಣುವ ಹತ್ತಿ ಬಟ್ಟೆಯಲ್ಲೂ ತೂಕದ ಶೇಕಡಾ 7–8ರಷ್ಟು ನೀರು ಇರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒತ್ತುವಾಗ ಅದು ಹಬೆಯಾಗಿ ಪದರವನ್ನು ಮೇಲಕ್ಕೆ ತಳ್ಳುತ್ತದೆ. ಅದಕ್ಕೆ ಪ್ರಿಂಟ್ ಇಡುವ ಮೊದಲು ಖಾಲಿ ಶರ್ಟನ್ನು ಹೀಟ್ ಪ್ರೆಸ್‌ನಲ್ಲಿ 5–10 ಸೆಕೆಂಡ್ ಒತ್ತಿ. ಇಸ್ತ್ರಿ ಪೆಟ್ಟಿಗೆಯಾದರೆ ಅರ್ಧ ನಿಮಿಷ ಚೆನ್ನಾಗಿ ಉಜ್ಜಿ. ಆಮೇಲೆ ಕೂದಲು, ನೂಲಿನ ಚೂರುಗಳನ್ನು ಸೆಲ್ಲೋ ಟೇಪಿನಿಂದ ತೆಗೆಯಿರಿ. ಒಂದು ಕೂದಲು ಒಳಗೆ ಉಳಿದರೂ ಅಲ್ಲಿಂದಲೇ ಪದರ ಬಿಡಿಸಿಕೊಳ್ಳಲು ಶುರುವಾಗುತ್ತದೆ.

ಹೀಟ್ ಪ್ರೆಸ್ ಇದ್ದವರಿಗೆ: ಲೈಟ್ ಪೇಪರಿಗೆ ಸಾಮಾನ್ಯವಾಗಿ 180–190 ಡಿಗ್ರಿ ಸೆಲ್ಸಿಯಸ್, 15ರಿಂದ 30 ಸೆಕೆಂಡ್. ಡಾರ್ಕ್ ಪೇಪರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, 165–175 ಡಿಗ್ರಿ. ಆದರೆ ಒಂದೊಂದು ಕಾಗದದ್ದು ಒಂದೊಂದು ಲೆಕ್ಕ, ಪ್ಯಾಕೆಟ್ ಹೇಳಿದ್ದೇ ಅಂತಿಮ. ಮಷೀನಿನ ಪರದೆಯಲ್ಲಿ ಕಾಣುವ ಅಂಕಿಯನ್ನು ಪೂರ್ತಿ ನಂಬಬೇಡಿ. ಅಗ್ಗದ ಪ್ರೆಸ್‌ಗಳಲ್ಲಿ ನಡುವೆ ಒಂದು ಬಿಸಿ, ಮೂಲೆಯಲ್ಲಿ ಇನ್ನೊಂದು ಬಿಸಿ ಇರುತ್ತದೆ. ಮೂಲೆಯಲ್ಲಿ ಮಾತ್ರ ಪ್ರಿಂಟ್ ಏಳುತ್ತಿದ್ದರೆ ಇದೇ ಕಾರಣವಿರಬಹುದು. ಅಂಥ ಮಷೀನಿನಲ್ಲಿ ಡಿಸೈನನ್ನು ಪ್ಲೇಟಿನ ನಡುವೆಯೇ ಇಡಿ.

ಒತ್ತಡ ನೋಡಲು ಸುಲಭ ಉಪಾಯವಿದೆ. ಪ್ರೆಸ್ ತಣ್ಣಗಿರುವಾಗ ನಾಲ್ಕು ಮೂಲೆಗೂ ಒಂದೊಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ. ಒಂದೊಂದಾಗಿ ಎಳೆಯಿರಿ. ನಾಲ್ಕೂ ಒಂದೇ ಬಿಗಿಯಲ್ಲಿ ಹಿಡಿದಿರಬೇಕು. ಒಂದು ಸಡಿಲವಾಗಿ ಬಂದರೆ ಆ ಮೂಲೆಯಲ್ಲಿ ಒತ್ತಡ ಇಲ್ಲ. ಶರ್ಟಿನ ಹೊಲಿಗೆ, ಕೊರಳಪಟ್ಟಿ, ಗುಂಡಿ ಪ್ಲೇಟಿನ ಕೆಳಗೆ ಬಂದರೂ ಹೀಗೇ ಆಗುತ್ತದೆ. ಅವನ್ನು ಪ್ಲೇಟಿನಿಂದ ಹೊರಗೆ ಇಳಿಬಿಡಿ.

ಇಂಥ ಪ್ರೆಸ್‌ಗಳು ಸಾವಿರಕ್ಕೂ ಹೆಚ್ಚು ವ್ಯಾಟ್ ಎಳೆಯುತ್ತವೆ. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಪ್ಲಗ್ಗಿಗೂ ಎಕ್ಸ್‌ಟೆನ್ಶನ್ ಬೋರ್ಡಿಗೂ ಹಾಕಬೇಡಿ, 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ವೋಲ್ಟೇಜ್ ಕಡಿಮೆ ಇರುವ ಊರುಗಳಲ್ಲಿ ಒಂದು ಶರ್ಟ್ ಆದ ಮೇಲೆ ಬಿಸಿ ಮತ್ತೆ ಏರಲು ಹೊತ್ತು ಹಿಡಿಯುತ್ತದೆ. ಕಾಯಿರಿ.

ಇಸ್ತ್ರಿ ಪೆಟ್ಟಿಗೆಯವರಿಗೆ: ಹಬೆ ಬರುವ ಸ್ಟೀಮ್ ಐರನ್‌ಗಿಂತ ಹಳೇ ಕಾಲದ ಭಾರದ ಡ್ರೈ ಐರನ್ ಒಳ್ಳೆಯದು. ಸ್ಟೀಮ್ ಐರನ್ ತಳದ ತೂತುಗಳ ಜಾಗದಲ್ಲಿ ಬಿಸಿಯೂ ಇಲ್ಲ, ಒತ್ತಡವೂ ಇಲ್ಲ. ಅದೇ ಇರುವುದಾದರೆ ನೀರು ಪೂರ್ತಿ ಚೆಲ್ಲಿ, ಸ್ಟೀಮ್ ಆಫ್ ಮಾಡಿ. ಬಿಸಿಯನ್ನು ಕಾಟನ್‌ಗೆ ತಿರುಗಿಸಿ.

ಮೆತ್ತನೆಯ ಇಸ್ತ್ರಿ ಮೇಜಿನ ಮೇಲೆ, ಹಾಸಿಗೆಯ ಮೇಲೆ ಮಾಡಬೇಡಿ. ನೀವು ಹಾಕುವ ಭಾರವನ್ನೆಲ್ಲ ಅದು ನುಂಗುತ್ತದೆ. ಗಟ್ಟಿ ಮರದ ಮೇಜು ಅಥವಾ ಕಡಪ ಕಲ್ಲಿನ ಕಟ್ಟೆ ಬೇಕು. ಕಲ್ಲು ಬಿಸಿ ಎಳೆದುಕೊಳ್ಳುತ್ತದೆ, ಅದಕ್ಕೆ ಮೇಲೊಂದು ರಟ್ಟು, ಅದರ ಮೇಲೆ ಸುಕ್ಕಿಲ್ಲದ ಹತ್ತಿಯ ದಿಂಬಿನ ಕವರ್ ಹಾಸಿ. ಮೇಜು ನಿಮ್ಮ ಸೊಂಟಕ್ಕಿಂತ ಕೆಳಗಿದ್ದರೆ ಮೈಭಾರ ಹಾಕಲು ಅನುಕೂಲ. ಇಸ್ತ್ರಿ ಮಾಡುವಂತೆ ಹಿಂದೆ ಮುಂದೆ ಜಾರಿಸಬೇಡಿ. ಒಂದು ಕಡೆ ಇಟ್ಟು, ಎರಡೂ ಕೈಯಿಂದ ಮೈಭಾರ ಹಾಕಿ 15–20 ಸೆಕೆಂಡ್ ಒತ್ತಿ. ಎತ್ತಿ, ಮೊದಲು ಒತ್ತಿದ ಜಾಗದ ಅಂಚೂ ಸ್ವಲ್ಪ ಸೇರುವಂತೆ ಪಕ್ಕದ ಜಾಗಕ್ಕೆ ಇಡಿ. ಎ4 ಡಿಸೈನಿಗೆ ಎರಡು ಮೂರು ನಿಮಿಷವಾದರೂ ಹಿಡಿಯುತ್ತದೆ. ಕೊನೆಗೆ ಅಂಚಿನ ಸುತ್ತ ಇನ್ನೊಂದು ಸುತ್ತು ಒತ್ತಿ. ಇಸ್ತ್ರಿ ಪೆಟ್ಟಿಗೆಯ ತುದಿ ಬೇಗ ತಣ್ಣಗಾಗುತ್ತದೆ, ಅಂಚಿಗೆ ಹೊಟ್ಟೆಭಾಗವನ್ನೇ ಬಳಸಿ.

ಮೇಲೆ ಮುಚ್ಚುವ ಹಾಳೆಯ ಬಗ್ಗೆ ಎಚ್ಚರ. ಟೆಫ್ಲಾನ್ ಹಾಳೆ, ಇಲ್ಲವೇ ಬೇಕರಿಯವರು ಕೇಕ್ ಟ್ರೇಗೆ ಹಾಕುವ ಸಿಲಿಕಾನ್ ಲೇಪದ ಕಾಗದ ಸರಿ. ಪುಸ್ತಕದ ಅಂಗಡಿಯಲ್ಲಿ ಚಿತ್ರ ನಕಲು ಮಾಡಲು ಕೊಡುವ ಬಟರ್ ಪೇಪರ್ ಬೇರೆ, ಅದು ಅಂಟಿಕೊಳ್ಳುತ್ತದೆ. ಮೇಣದ ಕಾಗದವಂತೂ ಬೇಡವೇ ಬೇಡ. ಮೇಣ ಕರಗಿ ಬಟ್ಟೆಗೆ ಇಳಿಯುತ್ತದೆ.

ಬಿಡಿಸುವುದು ಮತ್ತು ಎರಡನೇ ಒತ್ತು

ಪ್ಯಾಕೆಟ್ ಮೇಲೆ ಹಾಟ್ ಪೀಲ್ ಅಥವಾ ಕೋಲ್ಡ್ ಪೀಲ್ ಎಂದು ಇರುತ್ತದೆ. ಹಾಟ್ ಪೀಲ್ ಕಾಗದವನ್ನು ಒತ್ತಿದ ಕೂಡಲೇ, ಬಿಸಿ ಇರುವಾಗಲೇ ಬಿಡಿಸಬೇಕು. ತಣ್ಣಗಾದರೆ ಕಾಗದವೇ ಅಂಟಿ ಹರಿಯುತ್ತದೆ. ಕೋಲ್ಡ್ ಪೀಲ್ ಆದರೆ ಕೈಗೆ ತಣ್ಣಗೆ ಹತ್ತುವವರೆಗೆ ಮುಟ್ಟಬೇಡಿ. ಯಾವುದೇ ಆಗಲಿ, ಒಂದು ಮೂಲೆಯಿಂದ ಎದುರಿನ ಮೂಲೆಗೆ, ಬಟ್ಟೆಗೆ ಹತ್ತಿರವಾಗಿ, ನಡುವೆ ನಿಲ್ಲದೆ ಎಳೆಯಿರಿ. ಪದರ ಜೊತೆಗೆ ಎದ್ದು ಬಂದರೆ ಕೂಡಲೇ ಹಾಗೇ ಮಲಗಿಸಿ ಇನ್ನೊಂದು ಸಲ ಒತ್ತಿ.

ಲೈಟ್ ಪೇಪರಿನಲ್ಲಿ ಬಿಡಿಸಿದ ಕೂಡಲೇ ಒಂದು ಕೆಲಸ ಮಾಡಿ. ಶರ್ಟ್ ಇನ್ನೂ ಬಿಸಿ ಇರುವಾಗ ಪ್ರಿಂಟ್ ಇರುವ ಜಾಗವನ್ನು ಎರಡೂ ಕಡೆಯಿಂದ ಹಿಡಿದು ಅಡ್ಡಕ್ಕೆ ಸ್ವಲ್ಪವೇ ಎಳೆದು ಬಿಡಿ. ಪದರ ಬಿಸಿಯಿದ್ದಾಗ ಮೆತ್ತಗಿರುತ್ತದೆ, ಬಿಗಿದು ಒಂದೇ ಹಾಳೆಯಂತಾಗುವ ಬದಲು ನೂಲಿನ ಜೊತೆ ಹೊಂದಿಕೊಳ್ಳುತ್ತದೆ. ಮುಂದೆ ಹಾಕಿಕೊಂಡು ಎಳೆದಾಗ ಬಿರುಕು ಕಡಿಮೆ. ಡಾರ್ಕ್ ಪೇಪರಿಗೆ ಇದನ್ನು ಮಾಡಬೇಡಿ.

ಆಮೇಲೆ ಟೆಫ್ಲಾನ್ ಅಥವಾ ಬೇಕಿಂಗ್ ಕಾಗದ ಮುಚ್ಚಿ ಮತ್ತೆ 5–10 ಸೆಕೆಂಡ್ ಒತ್ತಿ. ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ನನ್ನ ಮಟ್ಟಿಗೆ, ಖರ್ಚಿಲ್ಲದೆ ಬಾಳಿಕೆ ಹೆಚ್ಚಿಸುವ ಹಂತ ಇದ್ದರೆ ಇದೇ. ಮೊದಲ ಸಲ ಮೇಲೇ ಉಳಿದಿದ್ದ ಪದರ ಈಗ ನೂಲಿನೊಳಗೆ ಕೂರುತ್ತದೆ, ಅಂಚುಗಳು ಕೆಳಗಿಳಿಯುತ್ತವೆ, ಪ್ಲಾಸ್ಟಿಕ್ ಹೊಳಪೂ ಕಡಿಮೆಯಾಗುತ್ತದೆ. ಆದರೆ ಮೂರು ನಾಲ್ಕು ಸಲ ಒತ್ತಬೇಡಿ. ಜಾಸ್ತಿ ಆದರೆ ಬಣ್ಣ ಮಂಕಾಗುತ್ತದೆ.

ವಿನೆಗರ್ ಅಥವಾ ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಕೂರುತ್ತದೆ ಎಂಬ ಮಾತು ಓಡಾಡುತ್ತಿದೆ. ವಿನೆಗರ್ ಕೆಲಸಕ್ಕೆ ಬರುವುದು ರೇಷ್ಮೆ, ಉಣ್ಣೆಗೆ ಹಾಕುವ ಕೆಲವು ಬಣ್ಣಗಳಲ್ಲಿ. ಇಲ್ಲಿ ಬಣ್ಣ ಇರುವುದು ಪ್ಲಾಸ್ಟಿಕ್ ಪದರದಲ್ಲಿ. ಹೊಸ ಪ್ರಿಂಟನ್ನು ನೀರಿನಲ್ಲಿ ನೆನೆಸಿದ್ದಷ್ಟೇ ಬರುತ್ತದೆ.

ಒಗೆಯುವುದು, ಒಣಗಿಸುವುದು

ಒತ್ತಿದ ಮೇಲೆ ಕನಿಷ್ಠ 24 ಗಂಟೆ ನೀರು ಸೋಕಿಸಬೇಡಿ. ಆಮೇಲೆ ಯಾವಾಗ ಒಗೆದರೂ ಶರ್ಟನ್ನು ಒಳಮೈ ಹೊರಗೆ ತಿರುಗಿಸಿ. ಬಟ್ಟೆಗೆ ಬಟ್ಟೆ ಉಜ್ಜಿದಾಗ ಪ್ರಿಂಟ್ ಒಳಗೆ ಸುರಕ್ಷಿತ.

ಕೈಯಲ್ಲಿ ಒಗೆಯುವವರು ಒಗೆಯುವ ಕಲ್ಲಿನ ಮೇಲೆ ಬಡಿಯುವುದು, ಬ್ರಷ್ ಹಾಕುವುದು, ಹಿಂಡಿ ತಿರುಚುವುದು ಮೂರನ್ನೂ ಬಿಡಬೇಕು. ತಿರುಚಿದಾಗ ಪದರ ಅಲ್ಲೇ ಮುರಿಯುತ್ತದೆ. ಬಾರ್ ಸೋಪನ್ನು ಪ್ರಿಂಟ್ ಮೇಲೆ ಉಜ್ಜಬೇಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಬೆಳ್ಳಗೆ ಕಟ್ಟಿ ಪ್ರಿಂಟ್ ಮಾಸಿದಂತೆ ಕಾಣುತ್ತದೆ. ತಣ್ಣೀರು, ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್, ಹತ್ತು ನಿಮಿಷ ಸಾಕು. ರಾತ್ರಿಯಿಡೀ ಸೋಪಿನ ಪುಡಿಯಲ್ಲಿ ನೆನೆಸಿಡುವ ಅಭ್ಯಾಸ ಈ ಶರ್ಟಿಗೆ ಬೇಡ. ಬ್ಲೀಚ್, ಕಲೆ ತೆಗೆಯುವ ಪುಡಿ, ಫ್ಯಾಬ್ರಿಕ್ ಕಂಡೀಷನರ್ ಯಾವುದೂ ಬೇಡ.

ಮಷೀನ್ ಆದರೆ ಡೆಲಿಕೇಟ್ ಅಥವಾ ಜೆಂಟಲ್ ಮೋಡ್, ತಣ್ಣೀರು, ಸ್ಪಿನ್ ಕಡಿಮೆ. ಜೀನ್ಸ್, ಜಿಪ್ ಇರುವ ಜಾಕೆಟ್, ಹುಕ್ ಇರುವ ಒಳಉಡುಪು ಜೊತೆಗೆ ಬೇಡ. ಜಾಲರಿ ಚೀಲ ಸಿಗುತ್ತದೆ, ಅದರೊಳಗೆ ಹಾಕಿದರೆ ಉಜ್ಜಾಟ ತಪ್ಪುತ್ತದೆ. ಒದ್ದೆ ಶರ್ಟನ್ನು ಮಷೀನಿನಲ್ಲೇ ಮುದ್ದೆಯಾಗಿ ಬಿಡಬೇಡಿ.

ನೆರಳಿನಲ್ಲಿ, ಒಳಮೈ ಹೊರಗಿಟ್ಟು ಒಣಗಿಸಿ. ಡೈ ಇಂಕ್ ಪ್ರಿಂಟಿಗೆ ಬಿಸಿಲು ನೀರಿಗಿಂತ ಕೆಟ್ಟದ್ದು. ತಂತಿಯ ಮೇಲೆ ಪ್ರಿಂಟ್ ಮಡಚಿ ಬರದಂತೆ ಶರ್ಟಿನ ಕೆಳ ಅಂಚಿಗೆ ಕ್ಲಿಪ್ ಹಾಕಿ. ಅಮೆರಿಕ, ಯುರೋಪಿನಲ್ಲಿ ಇರುವವರು ಡ್ರೈಯರ್‌ನಿಂದ ದೂರ ಇಡಿ. ಅದರ ಬಿಸಿ ಮತ್ತು ಉರುಳಾಟಕ್ಕೆ ಪದರ ಮತ್ತೆ ಮೆತ್ತಗಾಗಿ ಬೇಗ ಬಿರುಕು ಬಿಡುತ್ತದೆ.

ಇಸ್ತ್ರಿ ಅಂಗಡಿಗೆ ಕೊಡುವುದಾದರೆ ಅಣ್ಣನಿಗೆ ಬಾಯಿಬಿಟ್ಟು ಹೇಳಿ: "ಅಣ್ಣಾ, ಇದರ ಪ್ರಿಂಟ್ ಮೇಲೆ ಇಸ್ತ್ರಿ ಇಡಬೇಡಿ, ತಿರುಗಿಸಿ ಮಾಡಿ." ಇದ್ದಿಲ ಇಸ್ತ್ರಿಯ ಬಿಸಿಗೆ ಅಳತೆ ಇರುವುದಿಲ್ಲ. ಒಂದು ಸಲ ನೇರವಾಗಿ ತಾಗಿದರೆ ಪದರ ಪೆಟ್ಟಿಗೆಗೇ ಅಂಟಿ ಬರುತ್ತದೆ, ಅವರ ಪೆಟ್ಟಿಗೆಯೂ ಕೆಡುತ್ತದೆ. ಬೀರುವಿನಲ್ಲಿ ಇಡುವಾಗ ಪ್ರಿಂಟಿಗೆ ಪ್ರಿಂಟ್ ತಾಗದಂತೆ ಮಡಚಿ. ಬೇಸಿಗೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಎದ್ದ ಪ್ರಿಂಟನ್ನು ಉಳಿಸಬಹುದೇ?

ಅಂಚು ಎದ್ದಿದ್ದರೆ ಖಂಡಿತ ಉಳಿಸಬಹುದು. ಶರ್ಟನ್ನು ಚೆನ್ನಾಗಿ ಒಣಗಿಸಿ, ಬೇಕಿಂಗ್ ಕಾಗದ ಮುಚ್ಚಿ, ಮೊದಲಿನ ಬಿಸಿಯಲ್ಲೇ ಜೋರಾಗಿ ಒತ್ತಿ. ಮುಟ್ಟದೆ ಪೂರ್ತಿ ತಣ್ಣಗಾಗಲು ಬಿಟ್ಟು ಹಾಳೆ ತೆಗೆಯಿರಿ. ಸಣ್ಣ ಬಿರುಕುಗಳೂ ಹೀಗೆ ಸ್ವಲ್ಪ ಕೂಡಿಕೊಳ್ಳುತ್ತವೆ. ಬಣ್ಣ ಮಾಸಿದ್ದನ್ನು ಮಾತ್ರ ಮರಳಿ ತರಲು ಆಗುವುದಿಲ್ಲ. ಹಳೆಯ ಪ್ರಿಂಟ್ ಮೇಲೆ ಇನ್ನೊಂದು ಪ್ರಿಂಟ್ ಒತ್ತುವವರಿದ್ದಾರೆ. ಎರಡು ಪದರ ದಪ್ಪವಾಗಿ ಇನ್ನೂ ಬೇಗ ಬಿರುಕು ಬಿಡುತ್ತದೆ, ಬೇಡ.

ಹತ್ತಾರು ಶರ್ಟ್ ಮಾಡುವ ಮೊದಲು ಒಂದೇ ಶರ್ಟ್ ಮಾಡಿ, ನಾಲ್ಕೈದು ಸಲ ಒಗೆದು ನೋಡಿ. ಮೇಲೆ ಹೇಳಿದ ಮೂರು ಬಗೆಯಲ್ಲಿ ಯಾವುದು ಕಾಣುತ್ತದೋ ಆ ಹಂತವನ್ನು ಸರಿಪಡಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಕಪ್ಪು ಶರ್ಟೇ ಬೇಕು, ವಾರವಾರ ಒಗೆಯುವಂಥದ್ದು ಎಂದಾದರೆ ಡಾರ್ಕ್ ಪೇಪರ್ ಬಿಟ್ಟು ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು ಬಟ್ಟೆಗೆ ಒತ್ತುವ ವಿಧಾನ) ಮಾಡುವವರನ್ನು ವಿಚಾರಿಸಿ. ಅದರಲ್ಲಿ ಬಿಳಿಯೂ ಸೇರಿ ಎಲ್ಲ ಇಂಕ್ ಪಿಗ್ಮೆಂಟ್, ಅಂಟಿಗೆ ಬೇರೆ ಪುಡಿ ಇರುತ್ತದೆ. ಪ್ರಿಂಟ್ ಆದ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಮಾಡಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ, ತಂದು ನಿಮ್ಮ ಹೀಟ್ ಪ್ರೆಸ್‌ನಲ್ಲೇ ಒತ್ತಿಕೊಳ್ಳಬಹುದು. ಒಂದೇ ಡಿಸೈನ್, ಒಂದೆರಡು ಬಣ್ಣ, ಐವತ್ತಕ್ಕಿಂತ ಹೆಚ್ಚು ಶರ್ಟ್ ಇದ್ದರೆ ಸ್ಕ್ರೀನ್ ಪ್ರಿಂಟೇ ಸರಿ.